ಅಜ್ಜನ ಕೋಟು ಮತ್ತೆ ಹೆಗಲೇರಲಿ: ಕಡಿಮೆ ಖರ್ಚಿನಲ್ಲಿ ಹಳೆಯ ಉಡುಪು ಕೂಡಿಸುವುದು, ತೊಡುವುದು ಹೇಗೆ?

ಅಟ್ಟದ ಮೇಲಿನ ಟ್ರಂಕನ್ನು ಇಳಿಸಿ ಮುಚ್ಚಳ ತೆರೆದೊಡನೆ ನುಸಿಗುಳಿಗೆಯ ವಾಸನೆ ಮೂಗಿಗೆ ಅಡರುತ್ತದೆ. ಮೇಲೆ ಪಂಚೆ, ಅದರ ಕೆಳಗೆ ಜರಿ ಶಲ್ಯ, ತಳದಲ್ಲಿ ಮಡಿಸಿಟ್ಟ ಉಣ್ಣೆಯ ಕೋಟು. ಹಳೆ ಮೈಸೂರು ಕಡೆಯ ಮನೆಯಾದರೆ ಕತ್ತಿನವರೆಗೂ ಗುಂಡಿ ಇರುವ ಕ್ಲೋಸ್ ಕಾಲರ್ ಕೋಟೇ ಸಿಗುವ ಸಂಭವ ಹೆಚ್ಚು. ಮೇಷ್ಟರು, ವಕೀಲರು, ಶಾನುಭೋಗರು ಕಚ್ಚೆ ಪಂಚೆಯ ಮೇಲೆ ತೊಡುತ್ತಿದ್ದದ್ದು ಅದನ್ನೇ. ಮನೆ ಬದಲಿಸುವಾಗ ಇಂಥವು ಸ್ಟೀಲ್ ಪಾತ್ರೆ ಮಾರುವವರ ಗಂಟು ಸೇರುತ್ತವೆ. ನಾಲ್ಕು ಕೋಟು ಕೊಟ್ಟರೆ ಒಂದು ಬೋಗುಣಿ. ಹರಿಯಾಣದ ಪಾಣಿಪತ್ತಿನಲ್ಲಿ ಹಳೆಯ ಉಣ್ಣೆ ಬಟ್ಟೆಯನ್ನು ಹಿಂಜಿ, ಮತ್ತೆ ನೂಲು ತೆಗೆದು ಕಂಬಳಿ ಮಾಡುತ್ತಾರೆ. ತೊಡಲಾಗದಷ್ಟು ಸವೆದ ಬಟ್ಟೆಗೆ ಅದು ಒಳ್ಳೆಯ ದಾರಿ. ಗಟ್ಟಿಮುಟ್ಟಾದ ಕೋಟು ಹಾಗೆ ಹೋಗುವುದನ್ನು ಮಾತ್ರ ನನ್ನಿಂದ ನೋಡಲಾಗದು.

ಆದ್ದರಿಂದ ಮೊದಲ ಹೆಜ್ಜೆಗೆ ಕಾಸೇ ಬೇಡ. ಅಜ್ಜಿ, ದೊಡ್ಡಪ್ಪ, ಸೋದರಮಾವ ಎಲ್ಲರನ್ನೂ ಕೇಳಿ. ಯಾವ ಮದುವೆಗೆ ಹೊಲಿಸಿದ್ದು, ಯಾವ ಊರಿನ ದರ್ಜಿ ಎಂಬುದನ್ನೂ ಅಲ್ಲೇ ಬರೆದುಕೊಳ್ಳಿ. ಹೇಳುವವರು ಇರುವಾಗಲೇ ಕೇಳಬೇಕಾದ ಮಾತು ಅದು.

ಹೊರಗೆ ಎಲ್ಲಿ ಹುಡುಕಬೇಕು?

ಬೆಂಗಳೂರಿನವರಿಗೆ ಚಿಕ್ಕಪೇಟೆಯ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೇ ಬಜಾರ್ ಇದೆ. ಬೆಳಿಗ್ಗೆ ಬೇಗ ಹೋಗಿ. ಹೊತ್ತೇರಿದರೆ ಜನಸಂದಣಿಯಲ್ಲಿ ಬಟ್ಟೆಯ ಒಳಮೈ ತಿರುಗಿಸಿ ನೋಡಲೂ ಜಾಗ ಸಿಗುವುದಿಲ್ಲ. ನಿಮ್ಮ ಊರಿನ ಹಳೆಯ ಡ್ರೈಕ್ಲೀನಿಂಗ್ ಅಂಗಡಿಯಲ್ಲೂ ವಿಚಾರಿಸಿ. ಯಾರೂ ಒಯ್ಯದೆ ವರ್ಷಗಟ್ಟಲೆ ತೂಗುತ್ತಿರುವ ಕೋಟುಗಳನ್ನು ಶುಚಿ ಮಾಡಿದ ಖರ್ಚಿಗೇ ಕೊಟ್ಟುಬಿಡುವವರಿದ್ದಾರೆ. ಮೂರನೆಯದು, ತಲೆಮಾರುಗಳಿಂದ ನಡೆಯುತ್ತಿರುವ ಜವಳಿ ಅಂಗಡಿ. ಮುಚ್ಚಿಹೋದ ಗಿರಣಿಗಳ ಕತ್ತರಿಸದ ಸೂಟಿನ ತುಂಡುಗಳು ಅಲ್ಲಿ ಮೇಲಿನ ಕಪಾಟಿನಲ್ಲಿ ಉಳಿದಿರುತ್ತವೆ. ಬೆಂಗಳೂರಿನಲ್ಲಿ 1884ರಲ್ಲಿ ಆರಂಭವಾಗಿ ಜನರ ಬಾಯಲ್ಲಿ ಬಿನ್ನಿ ಮಿಲ್ ಎಂದೇ ಉಳಿದ ಗಿರಣಿಯ ಮುದ್ರೆ ಅಂಚಿನಲ್ಲಿ ಕಂಡರೆ ಬಿಡಬೇಡಿ.

ಹಣದ ವಿಷಯದಲ್ಲಿ ನನ್ನದು ಒಂದೇ ಲೆಕ್ಕ. ಜೇಬಿನಲ್ಲಿ ಸಾವಿರ ರೂಪಾಯಿ ಇದ್ದರೆ ಐನೂರು ಬಟ್ಟೆಗೆ, ಐನೂರು ದರ್ಜಿಗೆ. ಪೂರ್ತಿ ಹಣ ಸುರಿದು ತಂದ ಕೋಟು ತೋಳುದ್ದ ಸರಿಯಿಲ್ಲದೆ ಬೀರುವಿನಲ್ಲೇ ಕೂರುತ್ತದೆ.

ಕೈಗೆತ್ತಿಕೊಂಡಾಗ ಏನು ನೋಡಬೇಕು?

ಮೊದಲು ಭುಜ, ಆಮೇಲೆ ಉಳಿದದ್ದೆಲ್ಲ. ತೋಳನ್ನು ಗಿಡ್ಡ ಮಾಡಬಹುದು, ಸೊಂಟ ಹಿಡಿಸಬಹುದು, ಅಸ್ತರು ಬದಲಿಸಬಹುದು. ಭುಜ ಕೆಳಗಿಳಿದಿದ್ದರೆ ಅಥವಾ ಬಿಗಿದಿದ್ದರೆ ಕೋಟನ್ನೇ ಬಿಚ್ಚಿ ಮತ್ತೆ ಕಟ್ಟಬೇಕು. ಆ ಕೂಲಿಗೆ ಹೊಸದೇ ಬಂದೀತು. ಭುಜದ ಹೊಲಿಗೆ ನಿಮ್ಮ ಹೆಗಲು ಮುಗಿಯುವಲ್ಲೇ ಮುಗಿಯಬೇಕು. ಒಳಗೆ ಹೊಲಿದ ಪಟ್ಟಿಯ (ಲೇಬಲ್) ಮೇಲಿನ ಸೈಜನ್ನು ನಂಬಬೇಡಿ. ಅಂದಿನ ನಲವತ್ತು ಇಂದಿನ ನಲವತ್ತಲ್ಲ. ನಿಮಗೆ ಚೆನ್ನಾಗಿ ಕೂರುವ ಒಂದು ಕೋಟನ್ನು ಮನೆಯಲ್ಲೇ ಹಾಸಿ ಒಂದು ಭುಜದಿಂದ ಇನ್ನೊಂದಕ್ಕೆ, ಒಂದು ಕಂಕುಳಿನಿಂದ ಇನ್ನೊಂದಕ್ಕೆ, ತೋಳು, ಬೆನ್ನಿನ ಉದ್ದ, ಹೀಗೆ ನಾಲ್ಕು ಅಳತೆ ಬರೆದುಕೊಳ್ಳಿ. ಬಜಾರಿಗೆ ಹೋಗುವಾಗ ಆ ಚೀಟಿ, ಒಂದು ಟೇಪು ಜೇಬಿನಲ್ಲಿರಲಿ.

ಆಮೇಲೆ ಕೋಟನ್ನು ಬೆಳಕಿಗೆ ಹಿಡಿಯಿರಿ. ನುಸಿ ತಿಂದ ತೂತುಗಳು ನಕ್ಷತ್ರಗಳ ಹಾಗೆ ಕಾಣುತ್ತವೆ. ಒಂದೆರಡಾದರೆ ರಫೂ ಮಾಡಿಸಬಹುದು, ಬೆನ್ನ ತುಂಬಾ ಇದ್ದರೆ ಕೆಳಗಿಡಿ. ಕಂಕುಳಿನ ಬಟ್ಟೆಯನ್ನು ಎರಡೂ ಕೈಯಲ್ಲಿ ಮೆಲ್ಲಗೆ ಎಳೆಯಿರಿ; ಬೆವರಿಗೆ ಕೊಳೆತಿದ್ದರೆ ಅಲ್ಲೇ ಪರ್ರನೆ ಹರಿಯುತ್ತದೆ.

ಎದೆಯ ಭಾಗದಲ್ಲಿ, ಮೇಲಿನ ಗುಂಡಿಯ ಕೆಳಗೆ, ಹೊರಬಟ್ಟೆಯನ್ನೂ ಅಸ್ತರನ್ನೂ ಎರಡು ಕೈಯಲ್ಲಿ ಬೇರೆ ಬೇರೆ ಚಿವುಟಿ ಎಳೆದು ನೋಡಿ. ನಡುವೆ ಮೂರನೆಯ ಪದರವೊಂದು ಬಿಡಿಯಾಗಿ ಜಾರಿದಂತಾದರೆ ಕ್ಯಾನ್ವಾಸನ್ನು, ಅಂದರೆ ಎದೆಗೆ ಆಕಾರ ಕೊಡುವ ಒಳಗಿನ ಬಿರುಸು ಬಟ್ಟೆಯನ್ನು, ಹೊಲಿದು ಕೂರಿಸಿದ್ದಾರೆ ಎಂದರ್ಥ. ಅಂಥ ಕೋಟು ತೊಟ್ಟಷ್ಟೂ ಮೈಗೆ ಒಗ್ಗುತ್ತದೆ. ಅಂಟಿಸಿದ ಕ್ಯಾನ್ವಾಸಾದರೆ ಕಾಲ ಕಳೆದಂತೆ ಎದೆಯ ಮೇಲೆ ಗುಳ್ಳೆ ಏಳಬಹುದು.

ಬಟ್ಟೆ ಯಾವುದೆಂದು ಸಂಶಯವೇ? ಕೊಂಡು ತಂದ ಮೇಲೆ ಒಳಹೊಲಿಗೆಯಿಂದ ಒಂದೆಳೆ ನೂಲು ಕಿತ್ತು, ಚಿಮಟದಲ್ಲಿ ಹಿಡಿದು ದೀಪಕ್ಕೆ ತಾಗಿಸಿ. ಕೂದಲು ಸುಟ್ಟ ವಾಸನೆ ಬಂದು, ಉಳಿದದ್ದು ಬೆರಳಲ್ಲಿ ಪುಡಿಯಾದರೆ ಉಣ್ಣೆ ಅಥವಾ ರೇಷ್ಮೆ. ಕಾಗದ ಸುಟ್ಟಂತಿದ್ದರೆ ಹತ್ತಿ. ಕರಗಿ ಗಟ್ಟಿ ಮಣಿಯಾದರೆ ಟೆರಿಲಿನ್‌ನಂಥ ಕೃತಕ ನೂಲು. ಎಪ್ಪತ್ತರ ದಶಕದ ಅಗಲ ಕಾಲರಿನ ಟೆರಿಲಿನ್ ಶರ್ಟುಗಳು ನೋಡಲು ಚಂದ, ಬೆವರು ಮಾತ್ರ ಹೀರುವುದಿಲ್ಲ. ಸಂಜೆಯ ಸಮಾರಂಭಕ್ಕೆ ಒಂದು ಸಾಕು.

ಎಷ್ಟು ಹಳೆಯದು? ಪಟ್ಟಿಯನ್ನು ಓದಿ

ನನಗೆ ಎಲ್ಲಕ್ಕಿಂತ ಇಷ್ಟವಾದ ಕೆಲಸ ಇದು. ಬಜಾರಿನಲ್ಲಿ ಕೊಂಡ ಒಂದು ಬೂದು ಕೋಟಿನ ಒಳಜೇಬಿನ ಮೇಲೆ, ಹೆಬ್ಬೆರಳಗಲದ ರೇಷ್ಮೆ ಪಟ್ಟಿಯಲ್ಲಿ ದರ್ಜಿ ಅಂಗಡಿಯ ಹೆಸರು, ಅದರ ಕೆಳಗೆ ‘ಬೆಂಗಳೂರು ಸಿಟಿ–2’ ಎಂದಿತ್ತು. ಆ 2 ಹಳೆಯ ಅಂಚೆ ವಲಯದ ಸಂಖ್ಯೆ. ಆರು ಅಂಕಿಯ ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ರಂದು. ಅಲ್ಲಿಂದ ಮುಂದೆ ಅದೇ ವಿಳಾಸ 560002 ಆಯಿತು. ದರ್ಜಿಗಳು ಹಳೆಯ ಪಟ್ಟಿ ಮುಗಿಯುವವರೆಗೆ ಹೊಲಿಯುತ್ತಿದ್ದರು ಎಂಬುದನ್ನು ಲೆಕ್ಕಕ್ಕೆ ಹಿಡಿದರೂ ಕೋಟು ಸುಮಾರು ಐವತ್ತು ವರ್ಷ ದಾಟಿದೆ. ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರ್ 1ಕ್ಕೆ ಮುಂಚಿನದಿರಬೇಕು, ಅಂದು ರಾಜ್ಯ ಕರ್ನಾಟಕವಾಯಿತು. ಕತ್ತರಿಸದ ತುಂಡಿನ ಅಂಚಿನಲ್ಲಿ ಬೆಲೆ ಆಣೆಯಲ್ಲಿದ್ದರೆ 1957ಕ್ಕೂ ಹಿಂದಿನದು. ‘ನಯಾ ಪೈಸೆ’ ಎಂದಿದ್ದರೆ 1957ರಿಂದ 1964ರ ನಡುವಿನದು. ಉಣ್ಣೆಯ ನೂಲುಂಡೆಯನ್ನು ಹೋಲುವ ವೂಲ್‌ಮಾರ್ಕ್ ಗುರುತು ಹುಟ್ಟಿದ್ದೂ 1964ರಲ್ಲೇ. ಅದಿರುವ ಬಟ್ಟೆ ಆಮೇಲಿನದು.

ಕಾಲರಿನ ಒಳಗೆ ಚುಕ್ಕೆ, ಗೆರೆಗಳ ಸಣ್ಣ ಕಪ್ಪು ಗುರುತು ಕಂಡರೆ ಕಲೆಯೆಂದು ಉಜ್ಜಬೇಡಿ. ಯಾರ ಮನೆಯ ಬಟ್ಟೆ ಎಂದು ತಿಳಿಯಲು ಮಡಿವಾಳರು ಕೇರುಬೀಜದ ರಸದಲ್ಲಿ ಹಾಕುತ್ತಿದ್ದ ಗುರುತು ಅದು. ಎಷ್ಟು ಒಗೆದರೂ ಹೋಗದಿರಲಿ ಎಂದೇ ಹಾಕಿದ್ದು. ಒಂದೊಂದು ಮನೆಗೂ ಒಂದೊಂದು ಗುರುತು ನೆನಪಿಟ್ಟುಕೊಂಡವರ ಕೈಬರಹ ಎಂದು ನಾನು ಅದನ್ನು ಜೋಪಾನ ಮಾಡುತ್ತೇನೆ.

ಮನೆಗೆ ತಂದ ಮೇಲೆ

ನೇರವಾಗಿ ಬೀರುವಿಗೆ ಸೇರಿಸಬೇಡಿ. ಉಣ್ಣೆ, ರೇಷ್ಮೆ ತಿನ್ನುವುದು ನುಸಿಯ ಮರಿಹುಳು. ಒಂದು ಕೋಟಿನಿಂದ ಇಡೀ ಬೀರು ಹಾಳಾಗುತ್ತದೆ. ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಬಿಗಿದು, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಟ್ಟರೆ ಹುಳುವೂ ಮೊಟ್ಟೆಯೂ ಸಾಯುತ್ತವೆ. ಹೊರತೆಗೆದು, ತಣ್ಣಗಿನದು ಹೋದ ಮೇಲೆ ಚೀಲ ಬಿಚ್ಚಿ, ಹೊಲಿಗೆಯ ಸಂದು, ಜೇಬಿನ ಮೂಲೆಗಳನ್ನು ಬ್ರಷ್‌ನಿಂದ ತಿಕ್ಕಿ ನೆರಳಿನ ಗಾಳಿಯಲ್ಲಿ ತೂಗುಹಾಕಿ. ನುಸಿಗುಳಿಗೆಯ ವಾಸನೆ ನಾಲ್ಕೈದು ದಿನದಲ್ಲಿ ಇಳಿಯುತ್ತದೆ.

ಉಣ್ಣೆಯನ್ನು ಬಿಸಿನೀರಿಗೆ, ವಾಷಿಂಗ್ ಮಷೀನಿಗೆ ಹಾಕಲೇಬೇಡಿ. ಎಳೆಗಳು ಒಂದಕ್ಕೊಂದು ಹೆಣೆದು ಕಂಬಳಿಯಂತೆ ಕುಗ್ಗಿಬಿಡುತ್ತದೆ. ಡ್ರೈಕ್ಲೀನಿಂಗಿಗೆ ಕೊಡುವ ಮುಂಚೆ ಚಿಪ್ಪಿನ ಗುಂಡಿಗಳನ್ನು ಬಿಚ್ಚಿಟ್ಟುಕೊಳ್ಳಿ. ನನ್ನ ಒಂದು ಕೋಟಿನ ಆರು ಗುಂಡಿಗಳಲ್ಲಿ ನಾಲ್ಕು ಒಡೆದು ಬಂದವು. ಅವುಗಳ ಜೋಡಿ ಇನ್ನೂ ಸಿಕ್ಕಿಲ್ಲ.

ದರ್ಜಿಯಲ್ಲಿ ವಯಸ್ಸಾದವರನ್ನು ಹುಡುಕಿ. ಹಳೆಯ ಕಾಲದ ಹೊಲಿಗೆಯಲ್ಲಿ ಮುಂದೆ ಮೈ ಬಂದರೆ ಇರಲಿ ಎಂದು ಒಳಗೆ ಬಟ್ಟೆ ಬಿಡುತ್ತಿದ್ದರು. ಪ್ಯಾಂಟಿನ ಹಿಂಬದಿಯ ನಡುಹೊಲಿಗೆಯಲ್ಲಿ ಬಿಟ್ಟ ಬಟ್ಟೆ ಇದೆಯೇ ಎಂದು ಬೆರಳಿಟ್ಟು ನೋಡಿ. ಇದ್ದರೆ ಸೊಂಟ ಒಂದೆರಡು ಇಂಚು ಬಿಡಿಸಬಹುದು. ಮೊದಲ ಸಲ ತೋಳುದ್ದ ಮಾತ್ರ ಸರಿಪಡಿಸಿಕೊಂಡು ಒಂದು ತಿಂಗಳು ತೊಟ್ಟು ನೋಡಿ. ಕತ್ತರಿ ಬಿದ್ದ ಬಟ್ಟೆಯನ್ನು ಮತ್ತೆ ಕೂಡಿಸಲಾಗದು.

ತೊಡುವುದು

ಒಂದು ಸಲಕ್ಕೆ ಒಂದೇ ಹಳೆಯ ಉಡುಪು ತೊಡಿ. ತಲೆಯಿಂದ ಕಾಲಿನವರೆಗೆ ಹಳೆಯದಾದರೆ ನಾಟಕದ ವೇಷವೆನಿಸುತ್ತದೆ. ಕ್ಲೋಸ್ ಕಾಲರ್ ಕೋಟಿನ ಕೆಳಗೆ ಸಾದಾ ಹತ್ತಿಯ ಪ್ಯಾಂಟು, ಅಥವಾ ಮದುವೆಯಾದರೆ ಬಿಳಿ ಪಂಚೆ, ಎರಡೂ ಒಪ್ಪುತ್ತವೆ. ಬೆಂಗಳೂರು, ಮಡಿಕೇರಿಯ ಡಿಸೆಂಬರ್ ಚಳಿಗೆ ಉಣ್ಣೆ ಸರಿ. ಮಂಗಳೂರಿನ ಸೆಕೆಗೆ ಹತ್ತಿಯ ಡ್ರಿಲ್ ಬಟ್ಟೆಯದನ್ನೇ ಹುಡುಕಿ. ಕೊಡವರ ಕುಪ್ಯ (ಉದ್ದನೆಯ ಕೋಟು), ಚೇಲೆ (ಸೊಂಟಕ್ಕೆ ಸುತ್ತುವ ವಸ್ತ್ರ) ಕೈಗೆ ಸಿಕ್ಕರೂ ಅವನ್ನು ಬೇರೆಯವರು ಸೊಗಸಿಗೆಂದು ತೊಡುವುದು ಸರಿಯಲ್ಲ ಎಂದು ನನ್ನ ಭಾವನೆ; ಅವು ಮದುವೆ, ಹಬ್ಬಗಳ ಉಡುಪು, ಆ ಮನೆಯವರಿಗೇ ಹಿಂತಿರುಗಬೇಕು.

ತೊಟ್ಟು ಬಂದ ಕೂಡಲೇ ಬ್ರಷ್ ಮಾಡಿ, ಅಗಲ ಭುಜದ ಹ್ಯಾಂಗರಿಗೆ ಹಾಕಿ ಒಂದು ದಿನ ಗಾಳಿಯಾಡಲು ಬಿಡಿ. ಮುಚ್ಚುವುದಕ್ಕೆ ಹಳೆಯ ಹತ್ತಿ ಪಂಚೆ ಸಾಕು, ಪ್ಲಾಸ್ಟಿಕ್ ಹೊದಿಕೆ ಬೇಡ. ಎಲ್ಲಿ ಸಿಕ್ಕಿತು, ಯಾವ ವರ್ಷ, ಏನೇನು ರಿಪೇರಿ ಆಯಿತು ಎಂದು ನಾಲ್ಕು ಸಾಲು ಬರೆದ ಚೀಟಿಯನ್ನು ಮಡಿಸಿ ಒಳಜೇಬಿನಲ್ಲಿಡಿ.