ಅಮೆರಿಕದ ಆನ್ ಆರ್ಬರ್‌ಗೆ ಬರುವವರೇ, ಮೊದಲು ಫುಟ್‌ಬಾಲ್ ಪಟ್ಟಿ ನೋಡಿ

ಕಳೆದ ಶನಿವಾರ ಬೆಳಿಗ್ಗೆ ದಾವಣಗೆರೆ ಕಡೆಯ ಹುಡುಗನೊಬ್ಬ ಫೋನ್ ಮಾಡಿದ. "ಅಣ್ಣಾ, ಕಾರು ಕಾಣ್ತಿಲ್ಲ, ಕಳ್ಳತನ ಆಗಿದೆ ಅನ್ಸುತ್ತೆ." "ಮನೆ ಸ್ಟೇಡಿಯಂ ಹತ್ರಾನಾ?" ಅಂದೆ. ಹೌದು ಅಂದ. ನಾನು ಬಂದ ವರ್ಷ ನನಗೂ ಹೀಗೇ ಆಗಿತ್ತು.

ವೀಸಾ, ಬ್ಯಾಂಕು, ಚಳಿ ಕೋಟು ಇವೆಲ್ಲ ನಿಮಗೆ ಗೊತ್ತೇ ಇರುತ್ತೆ. ಈ ಊರಿನ ಮಿಶಿಗನ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ ಬಗ್ಗೆ ಮಾತ್ರ ಯಾರೂ ಹೇಳಿರುವುದಿಲ್ಲ. ಇದು ನಮ್ಮ ಕಾಲ್ಚೆಂಡಲ್ಲ, ಮೊಟ್ಟೆಯಾಕಾರದ ಚೆಂಡು ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್. ಕಾಲೇಜು ಟೀಮ್ ತಾನೇ ಅಂತ ಸುಮ್ನೆ ಬಿಡಬೇಡಿ. ಈ ತಂಡ 1879ರಿಂದ ಆಡುತ್ತಿದೆ. 1901ರಲ್ಲಿ ಫೀಲ್ಡಿಂಗ್ ಯೋಸ್ಟ್ ಕೋಚ್ ಆಗಿ ಬಂದರು. ಆ ಸೀಸನ್ನಿನ 11 ಪಂದ್ಯಗಳಲ್ಲಿ ತಂಡ ಗಳಿಸಿದ್ದು 550 ಅಂಕ, ಎದುರಾಳಿಗಳಿಗೆ ಸಿಕ್ಕಿದ್ದು ಸೊನ್ನೆ! ಮುಂದೆ ಅವರೇ ಹಟ ಹಿಡಿದು ದೊಡ್ಡ ಸ್ಟೇಡಿಯಂ ಕಟ್ಟಿಸಿದರು. ಅದು ತೆರೆದದ್ದು 1927ರಲ್ಲಿ. ಈಗ ಅಲ್ಲಿ 1,07,601 ಜನ ಕೂರಬಹುದು. ಊರಿನ ಜನಸಂಖ್ಯೆಯೇ ಸುಮಾರು 1.2 ಲಕ್ಷ. 1975ರ ನವೆಂಬರ್‌ನಿಂದ, ಕೋವಿಡ್ ವರ್ಷ ಬಿಟ್ಟರೆ, ಇಲ್ಲಿ ನಡೆದ ಪ್ರತಿ ಪಂದ್ಯಕ್ಕೂ ಲಕ್ಷಕ್ಕಿಂತ ಜಾಸ್ತಿ ಜನ ಬಂದಿದ್ದಾರೆ.

ಇಷ್ಟು ಜನರ ಕಾರು ಎಲ್ಲಿ ನಿಲ್ಲಬೇಕು? ಹೈಸ್ಕೂಲ್ ಆವರಣ, ಗಾಲ್ಫ್ ಮೈದಾನ, ಮನೆ ಮುಂದಿನ ಹುಲ್ಲು, ಎಲ್ಲ ಕಡೆ ದುಡ್ಡು ತಗೊಂಡು ಜಾಗ ಕೊಡುತ್ತಾರೆ. ನನ್ನ ಬಾಡಿಗೆ ಕರಾರಿನಲ್ಲೂ ಒಂದು ಸಾಲು ಇತ್ತು. ಪಂದ್ಯದ ಶನಿವಾರ ಪಾರ್ಕಿಂಗ್ ಜಾಗ ಮಾಲೀಕರದು, ಬಾಡಿಗೆದಾರರು ಶುಕ್ರವಾರ ರಾತ್ರಿಯೇ ಕಾರು ತೆಗೆಯಬೇಕು. ನಾನು ಬಾಡಿಗೆ, ಅಡ್ವಾನ್ಸ್ ನೋಡಿ ಸಹಿ ಹಾಕಿದ್ದೆ. ಬೆಳಿಗ್ಗೆ ನೋಡಿದರೆ ನನ್ನ ಜಾಗದಲ್ಲಿ ಯಾರದೋ ವ್ಯಾನು. ಕಾರು ಎಳೆದೊಯ್ದವರ ಯಾರ್ಡು ತೆರೆದದ್ದು ಸೋಮವಾರ. ಎಳೆದ ಖರ್ಚು, ದಿನದ ಬಾಡಿಗೆ ಸೇರಿ ಆ ತಿಂಗಳ ಊಟದ ದುಡ್ಡೆಲ್ಲ ಹೋಯಿತು. ಜಗಳ ಆಡಿದೆ, ಪ್ರಯೋಜನ ಆಗಲಿಲ್ಲ. ಸಹಿ ನನ್ನದೇ ಅಲ್ವಾ? ತೇರಿನ ದಿನ ರಥಬೀದಿಯಲ್ಲಿ ಗಾಡಿ ಬಿಟ್ಟರೆ ನಮ್ಮೂರಲ್ಲೂ ಎತ್ತಿ ಹಾಕುತ್ತಾರೆ. ಆದರೆ ಅಲ್ಲಿ ನಾಲ್ಕು ದಿನ ಮೊದಲೇ ಯಾರಾದರೂ ಕೂಗಿ ಹೇಳುತ್ತಾರೆ. ಇಲ್ಲಿ ಕಾಗದ ಹೇಳುತ್ತೆ, ಅಷ್ಟೇ. ದಯವಿಟ್ಟು ಕರಾರಿನಲ್ಲಿ ಪಾರ್ಕಿಂಗ್ ಬಗ್ಗೆ ಇರುವ ಪ್ರತಿ ಸಾಲನ್ನೂ ಓದಿ.

ಇನ್ನೊಂದು ವಿಷಯ. ಪಂದ್ಯದ ತಾರೀಕು ತಿಂಗಳುಗಟ್ಟಲೆ ಮೊದಲೇ ಗೊತ್ತಿರುತ್ತೆ, ಗಂಟೆ ಗೊತ್ತಿರುವುದಿಲ್ಲ. ಅದನ್ನು ಟಿವಿಯವರು ಎಷ್ಟೋ ಸಲ 12 ದಿನ ಮೊದಲು, ಕೆಲವೊಮ್ಮೆ 6 ದಿನ ಮೊದಲಷ್ಟೇ ಹೇಳುತ್ತಾರೆ. ಮಧ್ಯಾಹ್ನವೂ ಆಗಬಹುದು, ರಾತ್ರಿಯೂ ಆಗಬಹುದು. ಹಾಗಾಗಿ ಅಪ್ಪ ಅಮ್ಮನ ವಿಮಾನ ಆ ಶನಿವಾರ ಇಳಿಯುವ ಹಾಗೆ ಟಿಕೆಟ್ ಮಾಡಬೇಡಿ. ಹೋಟೆಲ್ ದರವೂ ಮೈಮೇಲೆ ಬರುತ್ತೆ.

ದುಡ್ಡಿನ ವಿಷಯದಲ್ಲಿ ನಮ್ಮ ಪದ್ಧತಿಯೇ ವಾಸಿ ಅನ್ನುತ್ತೇನೆ. ನಮ್ಮಲ್ಲಿ ರಣಜಿ ಆಡುವ ಹುಡುಗನಿಗೆ ಪಂದ್ಯದ ಸಂಭಾವನೆ ಇದೆ. ಇಲ್ಲಿ ಲಕ್ಷ ಜನರಿಗೆ ಟಿಕೆಟ್ ಮಾರುತ್ತಿದ್ದರೂ 2025ರ ತನಕ ಆಟಗಾರರಿಗೆ ಆದಾಯದಲ್ಲಿ ನೇರ ಪಾಲು ಕೊಡುವ ಹಾಗಿರಲಿಲ್ಲ. ಆದರೆ ಎಂಬತ್ತು ದಾಟಿದ ಹಳೇ ವಿದ್ಯಾರ್ಥಿಗಳು ಮೊಮ್ಮಕ್ಕಳ ಕೈ ಹಿಡಿದು ಸ್ಟೇಡಿಯಂಗೆ ಬರುವುದನ್ನು ನೋಡಿದಾಗೆಲ್ಲ ನಮ್ಮ ಕಾಲೇಜುಗಳಿಗೂ ಇಂಥದ್ದೊಂದು ಇರಬೇಕಿತ್ತು ಅನಿಸುತ್ತೆ.

ಪಕ್ಕದ ರಾಜ್ಯದ ವಿಶ್ವವಿದ್ಯಾಲಯ ಓಹಾಯೋ ಸ್ಟೇಟ್ ಜೊತೆಗಿನ ಪೈಪೋಟಿ 1897ರದು. ಆ ಪಂದ್ಯ ನವೆಂಬರ್ ಕೊನೆಗೆ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ವಾರದ ಶನಿವಾರ, ಬೆಸ ಸಂಖ್ಯೆಯ ವರ್ಷಗಳಲ್ಲಿ ಇಲ್ಲಿ. ಅವತ್ತು ಮನೆ ಬದಲಿಸುವ ಯೋಚನೆ ಇದ್ದರೆ ಈಗಲೇ ಬಿಡಿ.