ಕಂಪ್ಯೂಟರಿನಲ್ಲಿ ಕಸೂತಿ ತುಳಸಿಕಟ್ಟೆ

ಅಕ್ಕನ ಮಗಳ ಮದುವೆ ಕಾರ್ಡಿಗೆ ಧಾರವಾಡದ ಕಸೂತಿಯ ಅಂಚು ಬೇಕಿತ್ತು. ನೆಟ್‌ನಲ್ಲಿ ರೆಡಿಮೇಡ್ ಚಿತ್ರಗಳು ಬೇಕಾದಷ್ಟಿವೆ. ಗೋಪುರ, ತೇರು, ಆನೆ ಅಂಬಾರಿ ಎಲ್ಲ ಸಿಗುತ್ತವೆ, ಆದರೆ ಗೆರೆಗಳು ಮನಸ್ಸಿಗೆ ಬಂದಂತೆ ಬಾಗಿರುತ್ತವೆ. ಕಸೂತಿಯೆಂದರೆ ಬಟ್ಟೆಯ ಎಳೆ ಎಣಿಸಿ ಹಾಕುವ ಕೆಲಸ. ಅಡ್ಡ, ಉದ್ದ, ಓರೆ, ಇಷ್ಟೇ. ನವಿಲಿನ ಕತ್ತು ಕೂಡ ಮೆಟ್ಟಿಲು ಮೆಟ್ಟಿಲಾಗಿಯೇ ಬಳುಕಬೇಕು. ಹಾಗಾಗಿ ಅಂಚಿಗೆ ತುಳಸಿಕಟ್ಟೆಯ ಚಿತ್ತಾರವನ್ನು ನಾನೇ ಬರೆಯಲು ಕೂತೆ.

ಬಳಸಿದ್ದು ಇಂಕ್‌ಸ್ಕೇಪ್ ಎಂಬ, ಚಿತ್ರ ಬರೆಯುವ ಸಾಫ್ಟ್‌ವೇರ್. 2 ಮಿ.ಮೀ. ಚೌಕದ ಗ್ರಿಡ್ ಹಾಕಿದೆ. ಪೆನ್ ಟೂಲ್‌ನಲ್ಲಿ ಉದ್ದಕ್ಕೆ ಗೆರೆ ಎಳೆದರೆ ಬೇಗ ಮುಗಿಯುತ್ತದೆ ನಿಜ, ಆದರೆ ಅದು ಮನೆ ಕಟ್ಟುವ ಪ್ಲಾನ್ ಥರ ಕಾಣುತ್ತದೆ. ಪ್ರತಿ ಹೊಲಿಗೆಯೂ ಬೇರೆಯಾಗಿ ಕಾಣಬೇಕು. ಅದಕ್ಕೆ ಒಂದು ಅಡ್ಡ, ಒಂದು ಉದ್ದ, ಎರಡು ಓರೆ, ಹೀಗೆ ನಾಲ್ಕೇ ಹೊಲಿಗೆ ಮಾಡಿಟ್ಟುಕೊಂಡೆ. ದಪ್ಪ 0.5 ಮಿ.ಮೀ., ತುದಿ ದುಂಡಗೆ. ದುಂಡು ತುದಿ ಎರಡೂ ಕಡೆ 0.25 ಮಿ.ಮೀ. ಹೊರಗೆ ಚಾಚುತ್ತದೆ, ಅದಕ್ಕೇ ಗೆರೆಯನ್ನು ಎರಡೂ ತುದಿಯಲ್ಲಿ 0.3 ಮಿ.ಮೀ. ಮೊಟಕು ಮಾಡಿದೆ. ಆಗ ಹೊಲಿಗೆಗಳ ನಡುವೆ ಸೂಜಿ ಹೊಕ್ಕ ಜಾಗದಷ್ಟು ಬಟ್ಟೆ ಇಣುಕುತ್ತದೆ. ಆಮೇಲೆ ಎಲ್ಲವೂ ಈ ನಾಲ್ಕರ ಕ್ಲೋನ್‌ಗಳೇ, ಅಂದರೆ ಮೂಲ ಬದಲಾದರೆ ತಾವೂ ಬದಲಾಗುವ ನಕಲುಗಳು. ಬಾಣದ ಕೀ ಒತ್ತಿದರೆ 2 ಮಿ.ಮೀ. ಸರಿಯುವಂತೆ ಸೆಟ್ ಮಾಡಿಕೊಂಡರೆ ಕೈ ತಾನಾಗಿ ಓಡುತ್ತದೆ. ದಾರ ಸ್ವಲ್ಪ ದಪ್ಪ ಬೇಕು ಅನಿಸಿದರೆ ಮೂಲದ ನಾಲ್ಕನ್ನು ತಿದ್ದಿದರೆ ಸಾಕು.

ಕಸೂತಿಯಲ್ಲಿ ಗಾವಂತಿ, ಮುರ್ಗಿ, ನೇಯ್ಗೆ, ಮೆಂತೆ ಅಂತ ನಾಲ್ಕು ಬಗೆ. ನಾನು ಆರಿಸಿದ್ದು ಗಾವಂತಿ. ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ, ಅದೇ ದಾರಿಯಲ್ಲಿ ವಾಪಸ್ ಬರುವಾಗ ಬಿಟ್ಟ ಜಾಗ ತುಂಬುವುದು. ಗಂಟು ಹಾಕುವಂತಿಲ್ಲ, ಬಟ್ಟೆಯ ಎರಡೂ ಕಡೆ ಒಂದೇ ಥರ ಕಾಣಬೇಕು. ಶುರು ಮಾಡುವ ಮುಂಚೆ ನಮ್ಮ ಓಣಿಯಲ್ಲಿ ಕಸೂತಿ ಹಾಕುವ ಅಕ್ಕೋರನ್ನು ಕೇಳಿದ್ದೆ. "ನಡಬರಕ ಒಂಟಿ ಚುಕ್ಕಿ ಇಡಬ್ಯಾಡ್ರಿ. ಅಲ್ಲಿಗೆ ದಾರ ಹೆಂಗ ಹೋಗಬೇಕು? ಹಾರಿಸಿದ್ರ ಹಿಂದ ಕಾಣತದಲ್ಲ!" ಅಂದರು. ಕಂಪ್ಯೂಟರಿಗೆ ಹಿಂಬದಿಯೇ ಇಲ್ಲ, ಏನು ಬೇಕಾದರೂ ಇಡಬಹುದು. ಆದರೂ ನಾನು ಈ ಮಾತು ಬಿಡಲಿಲ್ಲ. ತುಳಸಿಕಟ್ಟೆಯ ಕುಡಿ, ಕಟ್ಟೆಯ ಮೆಟ್ಟಿಲು, ಪಕ್ಕದ ದೀಪ ಎಲ್ಲವೂ ಎಲ್ಲೋ ಒಂದು ಕಡೆ ಒಂದಕ್ಕೊಂದು ತಾಗುತ್ತವೆ. ಕಣ್ಣಿಗೆ ಇದು ಕಸೂತಿ ಅನಿಸುವುದೇ ಈ ತಾಗುವಿಕೆಯಿಂದ, ಬಣ್ಣದಿಂದಲ್ಲ.

ಕಟ್ಟೆಯ ಅರ್ಧ ಮಾತ್ರ ಬರೆದು, ನಡುಗೆರೆಯಲ್ಲಿ ಕನ್ನಡಿ ಹಿಡಿದಂತೆ ತಿರುಗಿಸಿದೆ. ಸರಿ ನಡುವಿನ ಹೊಲಿಗೆಗಳು ಆಗ ಒಂದರ ಮೇಲೊಂದು ಎರಡೆರಡು ಬೀಳುತ್ತವೆ, ಸ್ಕ್ರೀನಿನಲ್ಲಿ ಅಂಚು ದಪ್ಪ ಕಾಣುತ್ತದೆ. ಪ್ರತಿ ಜೊತೆಯಲ್ಲೂ ಒಂದನ್ನು ಅಳಿಸಿಬಿಡಬೇಕು.

ಬಣ್ಣಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ. ಚಂದ್ರಕಾಳಿ ಸೀರೆಯ ಕಪ್ಪಿನ ಮೇಲೆ ಬಿಳಿ, ಕೆಂಪು, ಕಿತ್ತಳೆ, ಹಸಿರು. ಕಪ್ಪನ್ನು ಮಾತ್ರ ಸ್ವಲ್ಪ ತಿಳಿ ಮಾಡಿದೆ. ಪೂರ್ತಿ ಕಪ್ಪಾದರೆ ಸ್ಕ್ರೀನಿನಲ್ಲಿ ಬಟ್ಟೆಯ ಭಾವ ಬರುವುದಿಲ್ಲ.

ಅಂಚಿಗೆ ಸಾಲಾಗಿ ಜೋಡಿಸುವಾಗ ಒಂದು ಕಿರಿಕಿರಿ. ತುಣುಕು ತುಣುಕಿಗೂ ಹಿನ್ನೆಲೆ ಬಣ್ಣ ತುಂಬಿದರೆ, ಸೇರುವಲ್ಲಿ ಕೂದಲೆಳೆಯಷ್ಟು ಬಿಳಿ ಗೆರೆ ಇಣುಕುತ್ತದೆ. ಹಿನ್ನೆಲೆಯನ್ನು ಉದ್ದಕ್ಕೂ ಒಂದೇ ಪಟ್ಟಿಯಾಗಿ ಕೆಳಗೆ ಹಾಸಿ, ಮೇಲೆ ಬರೀ ಹೊಲಿಗೆಗಳನ್ನಿಟ್ಟರೆ ಆ ರಗಳೆಯಿಲ್ಲ. ಪ್ರಿಂಟಿಗೆ ಕೊಟ್ಟದ್ದು ಪಿಡಿಎಫ್, ವಾಟ್ಸಾಪ್‌ಗೆ ಪಿಎನ್‌ಜಿ. ಚಿಕ್ಕದು ಮಾಡಿದಾಗ ಹೊಲಿಗೆಗಳ ನಡುವಿನ ಸಂದು ಮುಚ್ಚಿಹೋಗುತ್ತದೆ. ಅದಕ್ಕೇ ವಾಟ್ಸಾಪ್‌ನದಕ್ಕೆ ಇಡೀ ಸಾಲು ಬೇಡವೆಂದು ಒಂದೇ ತುಳಸಿಕಟ್ಟೆಯನ್ನು ದೊಡ್ಡದಾಗಿ ಇಟ್ಟೆ.