ಬೋರ್ಡ್ ಹೋಗಿದೆ ಅಂದರು, ಲಾಗ್ ಬೇರೆಯೇ ಹೇಳಿತು

ಹಾಸನದ ಒಂದು ಜೆರಾಕ್ಸ್ ಅಂಗಡಿಯ ಕಂಪ್ಯೂಟರುಗಳನ್ನು ನಾನೇ ನೋಡಿಕೊಳ್ಳುತ್ತೇನೆ. ಡೆಬಿಯನ್ (ಒಂದು ಥರ ಲಿನಕ್ಸ್) ಮೇಲೆ ಪ್ರಿಂಟ್ ಕೆಲಸ ನೋಡಿಕೊಳ್ಳುವ ಕಪ್ಸ್, ನೆಟ್‌ವರ್ಕಿನ 9100 ಪೋರ್ಟಿನಲ್ಲಿ ಒಂದು ಹಳೇ ಪೋಸ್ಟ್‌ಸ್ಕ್ರಿಪ್ಟ್ (ಪುಟ ಹೇಗೆ ಬರಬೇಕು ಅಂತ ಪ್ರಿಂಟರಿಗೆ ಹೇಳುವ ಭಾಷೆ) ಲೇಸರ್ ಪ್ರಿಂಟರ್. ಇಂಗ್ಲಿಷ್ ಫೈಲ್ ಎಷ್ಟು ಪುಟ ಇದ್ದರೂ ಸಲೀಸಾಗಿ ಬರುತ್ತಿತ್ತು. ಕನ್ನಡದ ಪಿಡಿಎಫ್ ಕೊಟ್ಟರೆ ಎರಡು ಮೂರು ಪುಟ ಬಂದು, 'ಅಫೆಂಡಿಂಗ್ ಕಮಾಂಡ್' (ತಪ್ಪಿಗೆ ಕಾರಣವಾದ ಆಜ್ಞೆ) ಅಂತ ಒಂದು ಹಾಳೆ ಹೊರಗೆ ಬಿದ್ದು ಅಲ್ಲಿಗೆ ನಿಲ್ಲುತ್ತಿತ್ತು.

ಸರ್ವಿಸ್‌ನವರು ಮೊದಲು ಮೆಮೊರಿ ಸಾಲಲ್ಲ ಅಂದರು. ಸೆಕೆಂಡ್ ಹ್ಯಾಂಡ್ ಸ್ಟಿಕ್‌ಗೆ ಸುಮಾರು 900 ರೂಪಾಯಿ ಹೋಯಿತು, ಏನೂ ಬದಲಾಗಲಿಲ್ಲ. ಪಿಪಿಡಿ (ಪ್ರಿಂಟರಿನ ವಿವರ ಇರುವ ಫೈಲ್) ಬದಲಿಸಿದ್ದಾಯಿತು, ಕೇಬಲ್ ಬದಲಿಸಿದ್ದಾಯಿತು. ಎರಡು ರೀಮ್ ಪೇಪರ್ ದಂಡ. ಕೊನೆಗೆ 'ಬೋರ್ಡ್ ಹೋಗಿದೆ, 11 ಸಾವಿರ ಆಗುತ್ತೆ' ಅಂದರು. ಲಾಗ್, ಅಂದರೆ ಕಪ್ಸ್ ಬರೆದಿಡುವ ದಾಖಲೆ ಫೈಲ್, ನೋಡುತ್ತೇನೆ ಅಂದಾಗ ಓನರ್ ನಕ್ಕರು: 'ಅಲ್ಲಪ್ಪಾ, ಫೈಲ್ ಓದಿದರೆ ಪ್ರಿಂಟರ್ ರಿಪೇರಿ ಆಗುತ್ತಾ?'

ಮಾಮೂಲಿ ಲೆವೆಲ್‌ನಲ್ಲಿ ಎರರ್ ಲಾಗ್ ಏನೂ ಬಾಯಿ ಬಿಡಲ್ಲ. ಕಪ್ಸ್‌ಸಿಟಿಎಲ್‌ನಿಂದ ಡಿಬಗ್ ಲಾಗಿಂಗ್ (ಪ್ರತಿ ಹೆಜ್ಜೆಯನ್ನೂ ಬರೆದಿಡುವುದು) ಆನ್ ಮಾಡಿದೆ. ಇನ್ನೂ ವಿವರವಾದ ಡಿಬಗ್2 ಬೇಡ, ಅದರಲ್ಲಿ ಬೇಕಾದ ಸಾಲೇ ಮುಳುಗಿ ಹೋಗುತ್ತೆ. ನಮ್ಮ ಮಶೀನಿನಲ್ಲಿ ಮ್ಯಾಕ್ಸ್‌ಲಾಗ್‌ಸೈಜ್ (ಲಾಗ್ ಫೈಲಿನ ಗಾತ್ರದ ಮಿತಿ) 1 ಎಂಬಿ ಇತ್ತು. ಡಿಬಗ್‌ನಲ್ಲಿ ಅದು ಬೇಗ ತುಂಬಿ, ಹಳೇ ಸಾಲುಗಳು ಬಾಲದಲ್ಲಿ 'ಓ' ಇರುವ ಫೈಲಿಗೆ ಹೋಗುತ್ತವೆ, ಮುಂದಿನ ಸಲ ಅದೂ ಅಳಿಯುತ್ತೆ. ಹಾಗಾಗಿ 0, ಅಂದರೆ ಮಿತಿಯೇ ಬೇಡ ಅಂತ, ಇಟ್ಟೆ.

ಒಂದು ಜಾಬಿಗೆ ನೂರಾರು ಸಾಲು. ಜಾಬ್ ನಂಬರ್ ಹಿಡಿದು ಗ್ರೆಪ್ ಮಾಡಿದರೆ (ಆ ಸಾಲುಗಳನ್ನಷ್ಟೇ ಹುಡುಕಿದರೆ) ಎಲ್ಲ ಫಿಲ್ಟರ್ (ಫೈಲನ್ನು ಪ್ರಿಂಟರಿಗೆ ತಕ್ಕಂತೆ ಬದಲಿಸುವ ಪ್ರೋಗ್ರಾಂ) ಮುಂದೆಯೂ 'ಎಕ್ಸಿಟೆಡ್ ವಿತ್ ನೋ ಎರರ್ಸ್', ತಪ್ಪಿಲ್ಲದೆ ಮುಗಿಯಿತು ಅಂತ. ಜಾಸ್ತಿ ಜನ ಇಲ್ಲೇ ಕೈ ಚೆಲ್ಲಿ ಪ್ರಿಂಟರನ್ನೇ ಬೈಯುತ್ತಾರೆ. ನಾನು ಪ್ರಿಂಟರಿಗೆ ಡೇಟಾ ಕಳಿಸುವ ಸಾಕೆಟ್ ಬ್ಯಾಕೆಂಡಿನ ಸಾಲು ಹುಡುಕಿದೆ. ಮೂರನೇ ಪುಟದ ಹೊತ್ತಿಗೆ ಸರಿಯಾಗಿ, ಇಷ್ಟು ಬೈಟ್ 'ಬ್ಯಾಕ್-ಚಾನೆಲ್ ಡೇಟಾ' ಬಂತು ಅಂತ ಇತ್ತು. ಅಂದರೆ ಪ್ರಿಂಟರ್ ವಾಪಸ್ ಏನೋ ಗೊಣಗುತ್ತಿದೆ. ಬಂದ ಪೋಸ್ಟ್‌ಸ್ಕ್ರಿಪ್ಟ್ ಅದಕ್ಕೆ ಜೀರ್ಣವಾಗುತ್ತಿಲ್ಲ. ಮೇಲೆ ನೋಡಿದರೆ, ಪಿಡಿಎಫನ್ನು ಪೋಸ್ಟ್‌ಸ್ಕ್ರಿಪ್ಟ್ ಮಾಡುವ ಪಿಡಿಎಫ್‌ಟಾಪ್ಸ್ ಫಿಲ್ಟರ್ ಓಡಿಸಿದ ಪೂರ್ತಿ ಕಮಾಂಡ್ ಇತ್ತು: ಆ ಪೋಸ್ಟ್‌ಸ್ಕ್ರಿಪ್ಟ್ ತಯಾರಿಸಿದ ಪ್ರೋಗ್ರಾಂ ಗೋಸ್ಟ್‌ಸ್ಕ್ರಿಪ್ಟ್.

ಖಾತ್ರಿಗೆ ಪ್ರಿಸರ್ವ್‌ಜಾಬ್‌ಫೈಲ್ಸ್ 'ಯೆಸ್' ಮಾಡಿ (ಪ್ರಿಂಟಾದ ಫೈಲ್ ಅಳಿಸಬೇಡ ಅಂತ), ಕಪ್ಸ್ ಫೈಲ್ ಇಡುವ ಸ್ಪೂಲ್‌ನಿಂದ 'ಡಿ' ಅಕ್ಷರದಿಂದ ಶುರುವಾಗುವ ಫೈಲ್ ಎತ್ತಿಕೊಂಡೆ. ಅದನ್ನು ಕೈಯಾರೆ ಎರಡು ಥರ ಪೋಸ್ಟ್‌ಸ್ಕ್ರಿಪ್ಟ್ ಮಾಡಿದೆ, ಗೋಸ್ಟ್‌ಸ್ಕ್ರಿಪ್ಟ್‌ನಲ್ಲಿ ಒಂದು, ಪಾಪ್ಲರ್‌ನ ಪಿಡಿಎಫ್‌ಟಾಪ್ಸ್‌ನಲ್ಲಿ ಇನ್ನೊಂದು (ಪಾಪ್ಲರ್ ಬೇರೆ ಪಿಡಿಎಫ್ ಪ್ಯಾಕೇಜ್, ಅದರ ಪ್ರೋಗ್ರಾಮಿನ ಹೆಸರೂ ಫಿಲ್ಟರಿನದೇ). ಎರಡನ್ನೂ ಕಪ್ಸ್ ಬಿಟ್ಟು ನೆಟ್‌ಕ್ಯಾಟ್‌ನಿಂದ ನೇರ 9100ಕ್ಕೆ ತಳ್ಳಿದೆ. ಮೊದಲನೆಯದು ಅದೇ ಪುಟದಲ್ಲಿ ಸಿಕ್ಕಿಕೊಂಡಿತು. ಎರಡನೆಯದು ನಲವತ್ತು ಚಿಲ್ಲರೆ ಪುಟ ಒಂದೇ ಉಸಿರಿಗೆ ಬಂತು! (ಪರೀಕ್ಷೆ ಮುಗಿದ ಕೂಡಲೇ ಆ ಸೆಟ್ಟಿಂಗ್ ತೆಗೆಯಿರಿ. ಗಿರಾಕಿಗಳ ಆಧಾರ್, ಮಾರ್ಕ್ಸ್ ಕಾರ್ಡ್ ಎಲ್ಲ ಡಿಸ್ಕಿನಲ್ಲಿ ಉಳಿಯುತ್ತೆ.)

ಅದೇ ಪ್ರಿಂಟರಿಗೆ ಎರಡನೇ ಕ್ಯೂ (ಪ್ರಿಂಟ್ ಸರದಿ) ಮಾಡಿ, ಎಲ್‌ಪಿ‌ಅಡ್ಮಿನ್‌ನಲ್ಲಿ ಪಿಡಿಎಫ್‌ಟಾಪ್ಸ್-ರೆಂಡರರ್ ಡೀಫಾಲ್ಟನ್ನು ಪಿಡಿಎಫ್‌ಟಾಪ್ಸ್ ಅಂತಲೇ ಕೊಟ್ಟೆ, ಇನ್ನು ಪೋಸ್ಟ್‌ಸ್ಕ್ರಿಪ್ಟ್ ಮಾಡುವುದು ಪಾಪ್ಲರ್. ಅಷ್ಟೇ. ನನಗೆ ಸಿಕ್ಕಿದ್ದು ಎರಡು ಸಾವಿರದ ಹತ್ತಿರ, ಓನರಿಗೆ ಉಳಿದದ್ದು ಒಂಬತ್ತು ಸಾವಿರ. ಈಗ ಆ ಸರ್ವಿಸ್ ಹುಡುಗನೇ ಲಾಗ್ ಕಳಿಸಿ 'ಅಣ್ಣ, ಸ್ವಲ್ಪ ನೋಡಿ' ಅನ್ನುತ್ತಾನೆ.

ಸುಮ್ನೆ ಕುತೂಹಲಕ್ಕೆ ಲಾಗ್‌ಟೈಮ್‌ಫಾರ್ಮ್ಯಾಟನ್ನು ಯುಸೆಕ್ಸ್ (ಮೈಕ್ರೋಸೆಕೆಂಡ್ ಲೆಕ್ಕ) ಮಾಡಿ, ಯಾವ ಹಂತ ಎಷ್ಟು ಹೊತ್ತು ತಿನ್ನುತ್ತೆ ಅಂತಲೂ ಅಳೆದೆ. ಫೋಟೋ, ನೆರಳು ತುಂಬಿದ ಲಗ್ನಪತ್ರಿಕೆಗಳಿಗೆ ಪಾಪ್ಲರ್ ದಾರಿ ಎರಡು ಮೂರು ಪಟ್ಟು ನಿಧಾನ. ಅದಕ್ಕೇ ಹಳೇ ಕ್ಯೂ ತೆಗೆದಿಲ್ಲ. ಹೊತ್ತಿನ ಅಂತರ ಲೆಕ್ಕ ಹಾಕಲು ನನ್ನದೊಂದು ಆಕ್ (ಸಾಲುಗಳಿಂದ ಬೇಕಾದ್ದು ಹೆಕ್ಕುವ ಕಮಾಂಡ್) ಸಾಲು ಇದೆ, ಅದನ್ನು ಇಲ್ಲಿ ಬರೆಯಲ್ಲ. ಹೊಟ್ಟೆಪಾಡು, ಅಲ್ವಾ?

ಒಂದು ಮಾತು: ಡಿಬಗ್ ಲಾಗಿನ ಫಿಲ್ಟರ್ ಸಾಲಿನಲ್ಲಿ ಪಿಡಿಎಫ್‌ಟಾಪ್ಸ್ ಹೆಸರೇ ಕಾಣದಿದ್ದರೆ ಈ ರೆಂಡರರ್ ಆಯ್ಕೆ ಮುಟ್ಟಿ ಪ್ರಯೋಜನ ಇಲ್ಲ. ಅಂಥ ಕ್ಯೂಗಳಲ್ಲಿ ಬೇರೆ ಫಿಲ್ಟರ್ ಕೆಲಸ ಮಾಡುತ್ತಿರುತ್ತೆ, ಮೊದಲು ಅದರ ಸಾಲು ಹುಡುಕಿ.